‘ಏನ್ ಹೊಡೀಲಿ?’ ಎಂದವರಿಗೆ ಬಾಟಲಿ ಕೊಡುವ ಮೊದಲು

ಪ್ರಶ್ನೆ: ತೀರ್ಥಹಳ್ಳಿ ತಾಲೂಕಿನಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಳೆ ಬಿಡುತ್ತಿದ್ದಂತೆ ದಿನಕ್ಕೆ ಹತ್ತು ಜನವಾದರೂ ‘ಅಡಿಕೆ ಸೋಗೆ ಹಳದಿ ಆಗ್ತಾ ಇದೆ, ಏನ್ ಹೊಡೀಲಿ?’ ಎಂದು ಬರುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಕೇಳುತ್ತಾರೆ. ಗೊತ್ತಿದ್ದದ್ದನ್ನು ಹೇಳಿ, ಇದ್ದದ್ದನ್ನು ಕೊಟ್ಟು ಕಳಿಸುತ್ತೇನೆ. ಅರ್ಧ ಜನ ವಾಪಸ್ ಬಂದು ‘ಏನೂ ಉಪಯೋಗ ಆಗಲಿಲ್ಲ’ ಎನ್ನುತ್ತಾರೆ, ಇನ್ನರ್ಧ ಜನ ವಾಪಸ್ ಬರುವುದೇ ಇಲ್ಲ. ಸರಿಯಾದ ಸಲಹೆ ಕೊಡುವುದು ಹೇಗೆ?

ಉತ್ತರ: ‘ಏನ್ ಹೊಡೀಲಿ’ ಎಂದು ಕೇಳುವವರು ರೋಗ ಯಾವುದೆಂಬ ಅರ್ಧ ತೀರ್ಮಾನವನ್ನು ಮನೆಯಲ್ಲೇ ಮಾಡಿಕೊಂಡು ಬಂದಿರುತ್ತಾರೆ. ಇದು ಹೊಡೆದರೆ ಹೋಗುವಂಥದ್ದು, ಹೊಡೆಯುವುದು ಯಾವುದೆಂದು ಗೊತ್ತಾಗಬೇಕಷ್ಟೆ ಎಂಬುದು ಅವರ ಲೆಕ್ಕ. ನೀವು ಬಾಟಲಿಯ ಹೆಸರು ಹೇಳಿದ ಕೂಡಲೇ ಆ ಲೆಕ್ಕಕ್ಕೆ ನೀವೂ ಸಹಿ ಹಾಕಿದಿರಿ.

ಅಡಿಕೆ ಯಾವ ಯಾವ ಕಾರಣಕ್ಕೆ ಹಳದಿಯಾಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ಬುಡದಲ್ಲಿ ನೀರು ನಿಂತದ್ದು, ಬೇಸಿಗೆಯಲ್ಲಿ ನೀರು ಸಾಲದೆ ಹೋದದ್ದು, ಸಾರಜನಕದ ಕೊರತೆ, ಪೊಟ್ಯಾಶ್ ಕೊರತೆ, ಮೆಗ್ನೀಸಿಯಂ ಕೊರತೆ, ಬೇರುಹುಳ, ಅಣಬೆ ರೋಗ, ಹಳದಿ ಎಲೆ ರೋಗ, ಎಲೆಚುಕ್ಕೆ, ನುಸಿ, ಪಡುವಣ ಬಿಸಿಲು, ಕೊನೆಗೆ ಬರೀ ವಯಸ್ಸು. ಈ ಹನ್ನೆರಡರಲ್ಲಿ ಮುಖ್ಯವಾಗಿ ಸಿಂಪಡಣೆಗೆ ಬಗ್ಗುವುದು ಎಲೆಚುಕ್ಕೆ ಮತ್ತು ನುಸಿ ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವುಗಳ ಮದ್ದು ಗುದ್ದಲಿಯಲ್ಲಿದೆ, ಗೊಬ್ಬರದ ಚೀಲದಲ್ಲಿದೆ, ಇಲ್ಲವೆ ಮದ್ದೇ ಇಲ್ಲ. ಹೀಗಿರುವಾಗ ಕೇಳಿದ್ದಕ್ಕೆ ಕೇಳಿದ ಹಾಗೇ ಉತ್ತರ ಕೊಟ್ಟರೆ ಅರ್ಧ ಜನರಿಗೆ ಉಪಯೋಗವಾದದ್ದೇ ದೊಡ್ಡದು.

ಆದ್ದರಿಂದ ಮೊದಲು ಕೇಳಬೇಕಾದವರು ನೀವು. ಐದಾರು ನಿಮಿಷ ಸಾಕು, ಆದರೆ ಸರಿಯಾದದ್ದನ್ನು ಕೇಳಬೇಕು.

ಮೊದಲನೆಯದು, ಯಾವ ಸೋಗೆ? ಒಂದು ಅಡಿಕೆ ಮರದ ತಲೆಯಲ್ಲಿ ಎಂಟರಿಂದ ಹನ್ನೆರಡು ಸೋಗೆ ಇರುತ್ತವೆ. ವರ್ಷಕ್ಕೆ ಆರೇಳು ಹೊಸದು ಬರುತ್ತವೆ, ಅಷ್ಟೇ ಹಳೆಯವು ಹಾಳೆ ಸಮೇತ ಬೀಳುತ್ತವೆ. ಬೀಳುವ ಮೊದಲು ಹಳದಿಯಾಗುವುದು ಅದರ ಧರ್ಮ. ಕೆಳಗಿನ ಒಂದೇ ಸೋಗೆ ಹಳದಿಯಾಗಿದ್ದು ಮೇಲಿನವೆಲ್ಲ ಕಪ್ಪು ಹಸಿರಾಗಿದ್ದರೆ ‘ಏನೂ ಮಾಡಬೇಡಿ’ ಎನ್ನುವುದೇ ಸರಿಯಾದ ಸಲಹೆ. ಪಕ್ಕದ ಊರಿನಲ್ಲಿ ತೋಟ ಹೋಯಿತೆಂಬ ಸುದ್ದಿ ಕೇಳಿ ಹೆದರಿ ಬಂದವರಲ್ಲಿ ಇಂಥವರು ಕಡಿಮೆಯಿಲ್ಲ.

ಕೆಳಗಿನ ಮೂರು ನಾಲ್ಕು ಸೋಗೆ ಒಟ್ಟಿಗೇ ಬಣ್ಣ ಕಳೆದುಕೊಂಡಿದ್ದರೆ ಮಾತು ಬೇರೆ. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಮೂರೂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಮರ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ, ಹಾಗಾಗಿ ಮುದಿ ಸೋಗೆ ಮೊದಲು ಸೊರಗುತ್ತದೆ. ಎಸಳು ಪೂರ್ತಿ ಒಂದೇ ಸಮ ತಿಳಿಹಳದಿಯಾದರೆ ಸಾರಜನಕ. ತುದಿ ಮತ್ತು ಅಂಚಿನಿಂದ ಹಳದಿಯಾಗಿ ಸುಟ್ಟಂತೆ ಒಣಗುತ್ತ ಬಂದರೆ ಪೊಟ್ಯಾಶ್. ನರದ ಪಕ್ಕ ಹಸಿರು ಉಳಿದು ನಡುವೆ ಹಳದಿ ಪಟ್ಟೆ ಬಿದ್ದರೆ ಮೆಗ್ನೀಸಿಯಂ. ಕಬ್ಬಿಣದಂಥವು ಓಡಾಡುವುದಿಲ್ಲ, ಆದ್ದರಿಂದ ಸುಳಿಯ ಪಕ್ಕದ ಎಳೆಯ ಸೋಗೆ ಬಿಳಿಚಿಕೊಂಡು ಕೆಳಗಿನವು ಹಸಿರಾಗಿದ್ದರೆ ಯೋಚನೆ ಆ ಕಡೆ ಹೋಗಬೇಕು. ‘ಮೇಲಿಂದೋ ಕೆಳಗಿಂದೋ’ ಎಂಬ ಒಂದೇ ಪ್ರಶ್ನೆಯಿಂದ ಅರ್ಧ ಪಟ್ಟಿ ಖಾಲಿಯಾಗುತ್ತದೆ.

ಎರಡನೆಯದು, ತೋಟದಲ್ಲಿ ಎಲ್ಲಿ? ಇದನ್ನು ಬಾಯಲ್ಲಿ ಹೇಳಿಸುವುದಕ್ಕಿಂತ ಬಿಲ್ಲಿನ ಹಿಂಬದಿ ಮೇಲೆ ಬರೆಸಿ. ಪೆನ್ನು ಅವರ ಕೈಗೇ ಕೊಡಿ. ‘ಮನೆ ಎಲ್ಲಿ ಬರ್ತದೆ ಗೌಡ್ರೇ? ಹಳ್ಳ ಯಾವ ಕಡೆ? ಬಸಿಗಾಲುವೆ ಹೇಗೆ ಹೋಗಿದೆ? ಈಗ ಹಳದಿ ಇರೋ ಮರಕ್ಕೆಲ್ಲ ಒಂದೊಂದು ಚುಕ್ಕಿ ಇಡಿ.’ ಚುಕ್ಕಿಗಳೆಲ್ಲ ತಗ್ಗಿನ ಮೂಲೆಯಲ್ಲಿ ಗುಂಪಾದರೆ ನೀರು. ಪಶ್ಚಿಮದ ಅಂಚಿನ ಒಂದೆರಡು ಸಾಲಿನಲ್ಲೇ ಇದ್ದರೆ ಬಿಸಿಲು. ಒಂದು ಮರದಿಂದ ಶುರುವಾಗಿ ಸುತ್ತ ಹಬ್ಬಿದ್ದರೆ ಅಣಬೆ ರೋಗವೋ ಬೇರುಹುಳವೋ ನೋಡಬೇಕು. ಇಡೀ ತೋಟ ಒಂದೇ ಸಮ ಮಂಕಾಗಿದ್ದರೆ ಹೆಚ್ಚಾಗಿ ಹೊಟ್ಟೆಗೆ ಸಾಲದೆ. ಚಿತ್ರ ಬರೆಯುತ್ತ ಬರೆಯುತ್ತ ‘ಅರೆ, ಇದೆಲ್ಲ ಗದ್ದೆ ಮಟ್ಟ ಮಾಡಿ ಹಾಕಿದ ಸಸಿನೇ’ ಎಂದು ಅವರೇ ಹೇಳಿಬಿಡುವುದುಂಟು. ಅಲ್ಲಿಗೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ವರ್ಷಾನುಗಟ್ಟಲೆ ಕೆಸರು ತುಳಿದ ಗದ್ದೆಯಲ್ಲಿ ಮಣ್ಣಿನಡಿ ಗಟ್ಟಿ ಪದರ ಕೂತಿರುತ್ತದೆ. ಮಳೆ ನೀರು ಅದರ ಮೇಲೆ ನಿಲ್ಲುತ್ತದೆ, ಬೇರು ಉಸಿರುಕಟ್ಟಿ ಕಪ್ಪಾಗುತ್ತದೆ, ಸೋಗೆ ಹಳದಿಯಾಗುತ್ತದೆ. ಅಂಥ ಮರಕ್ಕೆ ಎಲೆ ಮೇಲೆ ಏನು ಎರಚಿದರೂ ಬೇರಿಗೆ ಗಾಳಿ ಸಿಗುವುದಿಲ್ಲ. ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದು ಅಡಿ ಆಳಕ್ಕೆ ಬಸಿಗಾಲುವೆ ತೆಗೆದು, ಅದರ ಬಾಯಿ ಹಳ್ಳಕ್ಕೆ ಬಿಡಿಸುವುದೇ ಮದ್ದು. ಮೇ ತಿಂಗಳಲ್ಲೇ ಹೂಳೆತ್ತಬೇಕು. ಜುಲೈನಲ್ಲಿ ಕೊಡೆ ಹಿಡಿದು ಎತ್ತಿದರೆ ಆ ವರ್ಷದ ಬೇರು ಅಷ್ಟರಲ್ಲಿ ಹೋಗಿರುತ್ತದೆ.

ಮೂರನೆಯದು ಗೊಬ್ಬರ. ಇಲ್ಲಿ ಕೇಳುವ ರೀತಿ ತಪ್ಪಿದರೆ ಉತ್ತರವೂ ತಪ್ಪು ಬರುತ್ತದೆ. ‘ಗೊಬ್ಬರ ಹಾಕಿಲ್ವಾ?’ ಎಂದರೆ ‘ಹಾಕ್ದೆ ಇರ್ತೀವಾ?’ ಎಂಬ ಉತ್ತರ ಗ್ಯಾರಂಟಿ, ಅದರಲ್ಲಿ ನಿಮಗೆ ಸಿಕ್ಕಿದ್ದು ಏನೂ ಇಲ್ಲ. ‘ಹೋದ ವರ್ಷ ಯಾವುದು ತಗೊಂಡ್ರಿ, ಎಷ್ಟು ಚೀಲ, ಎಷ್ಟು ಮರಕ್ಕೆ?’ ಎಂದು ಲೆಕ್ಕ ಕೇಳಿ. ಉದಾಹರಣೆಗೆ ‘ಐನೂರು ಮರಕ್ಕೆ 10:26:26 ಎರಡು ಚೀಲ’ ಎಂದರು ಎನ್ನಿ. ಈ ಮೂರು ಅಂಕಿ ಎಂದರೆ ನೂರು ಕಿಲೊದಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟೆಷ್ಟು ಕಿಲೊ ಎಂಬ ಲೆಕ್ಕ. ನೂರು ಕಿಲೊ ಐನೂರು ಮರಕ್ಕೆ ಹಂಚಿದರೆ ಮರಕ್ಕೆ 200 ಗ್ರಾಂ. ಅದರಲ್ಲಿ ಸಾರಜನಕ 20 ಗ್ರಾಂ, ರಂಜಕ 52, ಪೊಟ್ಯಾಶ್ 52. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ ಶಿಫಾರಸು ಇರುವುದು ಸಾರಜನಕ 100, ರಂಜಕ 40, ಪೊಟ್ಯಾಶ್ 140 ಗ್ರಾಂ, ಜೊತೆಗೆ ಸೊಪ್ಪು 12 ಕಿಲೊ, ಕೊಟ್ಟಿಗೆ ಗೊಬ್ಬರ 12 ಕಿಲೊ. ಅಂದರೆ ರಂಜಕ ಬೇಕಾದ್ದಕ್ಕಿಂತ ಹೆಚ್ಚು ಬಿದ್ದಿದೆ, ಸಾರಜನಕ ಐದನೇ ಒಂದು ಪಾಲು, ಪೊಟ್ಯಾಶ್ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಇವರಿಗೆ ಬೇಕಾದದ್ದು ಮರಕ್ಕೆ ಇನ್ನೂ 175 ಗ್ರಾಂ ಯೂರಿಯಾ, 145–150 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್. ಐನೂರು ಮರಕ್ಕೆ 45 ಕಿಲೊ ಯೂರಿಯಾ ಚೀಲ ಎರಡು, 50 ಕಿಲೊ ಪೊಟ್ಯಾಶ್ ಚೀಲ ಒಂದೂವರೆ. ‘ಗೊಬ್ಬರ ಹಾಕಿದೀನಿ’ ಎಂದದ್ದು ಸುಳ್ಳಲ್ಲ, ಆದರೆ ಮರ ಹಸಿದದ್ದೂ ನಿಜ. ಈ ಲೆಕ್ಕವನ್ನು ಅವರ ಎದುರೇ ಬರೆದು ತೋರಿಸಿ. ‘ಕಡಿಮೆ ಹಾಕಿದೀರಿ’ ಎಂಬ ಮಾತಿಗಿಂತ ಚೀಲದ ಲೆಕ್ಕಕ್ಕೆ ಬೆಲೆ ಜಾಸ್ತಿ.

ಹಾಕಿದ್ದು ಎಲ್ಲಿ ಎಂದೂ ಕೇಳಿ. ಬುಡಕ್ಕೆ ಒತ್ತಿ ಸುರಿದರೆ ಹೀರುವ ಬೇರು ಅಲ್ಲಿಲ್ಲ. ಬುಡದಿಂದ ಎರಡೂವರೆ ಅಡಿ ದೂರದವರೆಗೆ ಸುತ್ತಲೂ ಹರಡಿ, ಮಣ್ಣಿನಲ್ಲಿ ಕಲಸಿ, ಮೇಲೆ ಸೊಪ್ಪು ಮುಚ್ಚಬೇಕು. ಮೇ–ಜೂನ್‌ಗೊಂದು ಕಂತು, ಸೆಪ್ಟೆಂಬರ್–ಅಕ್ಟೋಬರ್‌ಗೊಂದು ಕಂತು. ಆಗುಂಬೆ ಸೀಮೆಯ ಜಡಿಮಳೆಗೆ ಯೂರಿಯಾ ಸುರಿಯುವುದು ಹೊಳೆಗೆ ಗೊಬ್ಬರ ಹಾಕಿದಂತೆ.

ಇನ್ನೊಂದು ವಿಷಯ ನೆನಪಿರಲಿ. ಅಂಗಡಿಗೆ ಬಂದವರು ತೋಟದಲ್ಲಿ ಕೆಲಸ ಮಾಡುವವರೇ ಆಗಿರಬೇಕೆಂದಿಲ್ಲ. ಅಪ್ಪ ತೆಗೆದ ಫೋಟೊವನ್ನು ಮಗ ಬೆಂಗಳೂರಿನಿಂದ ಫಾರ್ವರ್ಡ್ ಮಾಡಿರುತ್ತಾನೆ. ಎಷ್ಟು ಚೀಲ ಎಂದರೆ ಅವನಿಗೆ ಗೊತ್ತಿರುವುದಿಲ್ಲ, ಆದರೂ ಏನೋ ಒಂದು ಹೇಳುತ್ತಾನೆ. ಗೊಬ್ಬರ ಹಾಕಿದ ಕೈ ಯಾವುದೋ ಅವರನ್ನೇ ಫೋನಿಗೆ ಕರೆಸಿ.

ಫೋಟೊ ವಿಚಾರ. ಒಂದು ಎಸಳಿನ ಕ್ಲೋಸಪ್ ಕಳಿಸಿದರೆ ಅದರಿಂದ ನಿರ್ಧಾರಕ್ಕೆ ಬರಬೇಡಿ, ಹಳದಿ ಎಲೆ ಎಲ್ಲವೂ ಹತ್ತಿರದಿಂದ ಒಂದೇ ಥರ ಕಾಣುತ್ತದೆ. ನಾಲ್ಕು ಫೋಟೊ ಕೇಳಿ: ಒಂದು, ದೂರ ನಿಂತು ಇಡೀ ಮರ, ತಲೆ ಪೂರ್ತಿ ಬರುವಂತೆ; ಎರಡು, ಬಿದ್ದ ಅಥವಾ ಕಡಿದ ಒಂದು ಕೆಳಸೋಗೆಯನ್ನು ನೆಲದ ಮೇಲೆ ಹರಡಿ ಎರಡೂ ಮಗ್ಗುಲು; ಮೂರು, ಬುಡ, ನೆಲದಿಂದ ಮೊಣಕಾಲೆತ್ತರದವರೆಗೆ; ನಾಲ್ಕು, ಆ ಮರ ನಿಂತ ಜಾಗ, ಇಳಿಜಾರು ಕಾಣುವಂತೆ. ಕಾಯಿ ಉದುರುತ್ತಿದ್ದರೆ ಒಂದು ಕಾಯಿ ಅಡ್ಡಕ್ಕೆ ಸೀಳಿ ಐದನೆಯದು. ಮೂರನೆಯ ಫೋಟೊ ಯಾರೂ ತಾವಾಗಿ ಕಳಿಸುವುದಿಲ್ಲ, ಎಲ್ಲರ ಕಣ್ಣೂ ಮೇಲೇ ಇರುತ್ತದೆ. ಕಾಂಡದ ಬುಡದಲ್ಲಿ ಕಂದು ಕಲೆ, ಅದರಿಂದ ಕಂದು ದ್ರವ ಒಸರಿದ ಗುರುತು, ಬುಡಕ್ಕೆ ಅಂಟಿದ ಗಟ್ಟಿ ಅಣಬೆ ಕಂಡರೆ ಅದು ಅಣಬೆ ರೋಗ. ಆ ಮರದ ಸುತ್ತ ಒಂದು ಮೀಟರ್ ಬಿಟ್ಟು ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆದು ಪಕ್ಕದ ಮರಗಳ ಬೇರಿನಿಂದ ಬೇರ್ಪಡಿಸಬೇಕು. ತೀರ ಹೋದ ಮರವನ್ನು ಬುಡ ಸಮೇತ ಕಿತ್ತು ಸುಡಬೇಕು. ಬೇರುಹುಳದ ಅನುಮಾನವಿದ್ದರೆ ಫೋಟೊ ಬೇಡ: ಮರ ಹಿಡಿದು ಅಲುಗಿಸಿ ನೋಡಿ, ಬುಡದ ಪಕ್ಕ ಒಂದು ಅಡಿ ಅಗೆದು ನೋಡಿ ಎನ್ನಿ. ಬೆರಳು ಗಾತ್ರದ ಬಿಳಿ ಹುಳ ಮುದುಡಿಕೊಂಡು ಸಿಕ್ಕರೆ ಉತ್ತರ ಅಲ್ಲೇ ಸಿಕ್ಕಿತು.

ಎಲೆಚುಕ್ಕೆಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಕಂದು ಇಲ್ಲವೆ ಕಪ್ಪು ಚುಕ್ಕಿ, ಅದರ ಸುತ್ತ ಹಳದಿ ಉಂಗುರ, ಆಮೇಲೆ ಚುಕ್ಕಿಗಳು ಕೂಡಿಕೊಂಡು ಸೋಗೆ ಒಣಗುತ್ತದೆ. ಹಳದಿಯೊಳಗೆ ಚುಕ್ಕಿ ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಕು. ಇಲ್ಲಿ ಸಿಂಪಡಣೆ ಬೇಕು, ಆದರೆ ಯಾವ ಶಿಲೀಂಧ್ರನಾಶಕ, ಎಷ್ಟು ಪ್ರಮಾಣ ಎಂಬುದನ್ನು ತೋಟಗಾರಿಕೆ ಇಲಾಖೆಯ ಆ ವರ್ಷದ ಶಿಫಾರಸು ನೋಡಿಯೇ ಹೇಳಿ. ಸೋಗೆಯ ಅಡಿಮಗ್ಗುಲು ನೆನೆಯಬೇಕು ಎನ್ನುವುದನ್ನು ಒತ್ತಿ ಹೇಳಿ. ನುಸಿಯಾದರೆ ಬೇಸಿಗೆಯಲ್ಲಿ ಬರುತ್ತದೆ, ಅದೂ ಅಡಿಮಗ್ಗುಲಲ್ಲೇ ಇರುತ್ತದೆ.

ಈಗ ಕಷ್ಟದ್ದು, ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪ, ಸುಳ್ಯ ಕಡೆಯ ತೋಟಗಳನ್ನು ಬರಿದು ಮಾಡಿದ ಈ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಕಾರಣ. ರಸ ಹೀರುವ ಜಿಗಿಹುಳವೊಂದು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಹೊರಸುತ್ತಿನ ಎರಡು ಮೂರು ಸೋಗೆಗಳ ಎಸಳ ತುದಿಯಿಂದ ಹಳದಿ ಒಳಗೆ ಬರುತ್ತದೆ, ನಡುನರದ ಪಕ್ಕ ಹಸಿರು ಪಟ್ಟಿ ಉಳಿಯುತ್ತದೆ, ಹಳದಿಗೂ ಹಸಿರಿಗೂ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಎದ್ದು ಕಾಣುತ್ತದೆ. ಬರಬರುತ್ತ ಸೋಗೆ ಗಿಡ್ಡವಾಗುತ್ತದೆ, ಕಾಯಿ ಉದುರುತ್ತದೆ, ಸೀಳಿದರೆ ಒಳಗಿನ ತಿರುಳು ಕಪ್ಪಾಗಿರುತ್ತದೆ. ತೊಂದರೆ ಏನೆಂದರೆ, ಮೊದಲ ಹಂತದಲ್ಲಿ ಇದೂ ಪೊಟ್ಯಾಶ್ ಕೊರತೆಯೂ ಮೆಗ್ನೀಸಿಯಂ ಕೊರತೆಯೂ ನೋಡಲು ಅಕ್ಕತಂಗಿಯರು. ವಾಸಿ ಮಾಡುವ ಔಷಧಿ ಇಲ್ಲ. ‘ಇದೆ’ ಎಂದು ಯಾರು ಯಾವ ಹೆಸರಿನಲ್ಲಿ ಮಾರಿದರೂ ನೀವು ಮಾರಬೇಡಿ.

ಇಂಥವರು ‘ಏನ್ ಹೊಡೀಲಿ’ ಎಂದೇ ಕೇಳುತ್ತಾರೆ, ಆದರೆ ಅವರ ಎದೆಯಲ್ಲಿರುವ ಪ್ರಶ್ನೆ ಬೇರೆ: ಈ ತೋಟದ ಮೇಲೆ ಇನ್ನು ದುಡ್ಡು ಹಾಕಲೋ ಬೇಡವೋ? ಮಗಳ ಮದುವೆ, ಸೊಸೈಟಿ ಸಾಲ, ಎಲ್ಲ ಅದರ ಹಿಂದೆ ಇರುತ್ತದೆ. ಆದ್ದರಿಂದ ಕೌಂಟರಿನ ಆಚೆ ನಿಂತು, ನಾಲ್ಕು ಜನ ಗಿರಾಕಿಗಳ ಎದುರು, ರೋಗದ ಹೆಸರು ಹೇಳಬೇಡಿ. ಅದೇ ಹೊತ್ತಿಗೆ ‘ಏನೂ ಇಲ್ಲ ಬಿಡಿ’ ಎಂದು ಸಮಾಧಾನವನ್ನೂ ಮಾಡಬೇಡಿ. ‘ನನಗೆ ಇಲ್ಲಿಂದ ಖಚಿತವಾಗಿ ಹೇಳಲಿಕ್ಕೆ ಆಗೋದಿಲ್ಲ, ತೋಟಕ್ಕೆ ಬಂದು ನೋಡುವವರು ಬೇಕು’ ಎಂದು ತಾಲೂಕಿನ ತೋಟಗಾರಿಕೆ ಇಲಾಖೆಗೋ, ಕೃಷಿ ವಿಜ್ಞಾನ ಕೇಂದ್ರಕ್ಕೋ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರಿಗೋ, ದಕ್ಷಿಣ ಕನ್ನಡದವರಾದರೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೋ ದಾರಿ ತೋರಿಸಿ. ಅಲ್ಲಿಯವರೆಗೆ ಮಾಡಿದರೆ ನಷ್ಟವಿಲ್ಲದ ಕೆಲಸ ಎರಡು ಇವೆ: ಬಸಿಗಾಲುವೆ ಸರಿ ಮಾಡುವುದು, ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರದ ಪ್ರಮಾಣ ತುಂಬಿಸುವುದು. ಕೊರತೆಯಾಗಿದ್ದರೆ ಇದರಲ್ಲೇ ಚೇತರಿಸುತ್ತದೆ. ರೋಗವೇ ಆಗಿದ್ದರೂ ಹೊಟ್ಟೆ ತುಂಬಿದ ಮರ ಇನ್ನಷ್ಟು ವರ್ಷ ಫಸಲು ಕೊಡುತ್ತದೆ.

ಮಣ್ಣು ಪರೀಕ್ಷೆ ಎಂದಾಗ ಒಂದು ಮುಷ್ಟಿ ಮಣ್ಣು ಪ್ಲಾಸ್ಟಿಕ್ ಕವರಿನಲ್ಲಿ ತಂದು ಕೊಡುವವರಿದ್ದಾರೆ. ಹಾಗಲ್ಲ. ಎಕರೆಗೆ ಹತ್ತು ಹನ್ನೆರಡು ಮರ ಆರಿಸಿ, ಬುಡದಿಂದ ಎರಡು ಎರಡೂವರೆ ಅಡಿ ದೂರದಲ್ಲಿ ಸೊಪ್ಪು ಸರಿಸಿ, ಮೇಲಿನ ಒಂದು ಅಡಿಯ ಮಣ್ಣು ಬೇರೆ, ಅದರ ಕೆಳಗಿನ ಒಂದು ಅಡಿಯದು ಬೇರೆ ತೆಗೆಯಬೇಕು. ಒಂದೊಂದನ್ನೂ ಬೇರೆಬೇರೆಯಾಗಿ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೊ ಉಳಿಸಿಕೊಂಡರೆ ಸಾಕು. ಗೊಬ್ಬರ ಹಾಕಿ ಎರಡು ತಿಂಗಳೊಳಗೆ ತೆಗೆಯಬಾರದು. ಹಳದಿ ಜಾಗದ ಮಣ್ಣನ್ನು ಹಸಿರು ಜಾಗದ ಮಣ್ಣಿಗೆ ಬೆರೆಸಬಾರದು, ಬೆರೆಸಿದರೆ ಎರಡರ ಸತ್ಯವೂ ಹೋಯಿತು.

ನೀವು ಕೇಳದಿದ್ದರೂ ಮಳೆಗಾಲದ ಇನ್ನೊಂದು ಪ್ರಶ್ನೆ ಹೇಳಿಬಿಡುತ್ತೇನೆ, ಏಕೆಂದರೆ ಅದರ ಸ್ವಭಾವವೂ ಇದೇ. ‘ಬೋರ್ಡೋ ಹೊಡೆದ್ರೂ ಕೊಳೆ ಬಂತು, ಅದಕ್ಕಿಂತ ಸ್ಟ್ರಾಂಗ್ ಏನಿದೆ?’ ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ; ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಇಲ್ಲಿ ಬೇಕಿರುವುದು ಸ್ಟ್ರಾಂಗ್ ಔಷಧಿಯಲ್ಲ, ಹೋದ ಸಲದ ದ್ರಾವಣ ಹೇಗೆ ಆಯಿತು ಎಂಬ ವಿಚಾರಣೆ. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೊ, ಸುಟ್ಟ ಸುಣ್ಣ 1 ಕಿಲೊ, ನೀರು 100 ಲೀಟರ್. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಗಾಳಿಗೆ ಬಿರಿದು ಪುಡಿಯಾದ ಹಳೆಯ ಸುಣ್ಣ ಬಳಸಿದಲ್ಲಿ ಹೀಗಾಗುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗಿಟ್ಟದ್ದು ಗೊನೆಗೆ ಅಂಟುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಒಂದು, 40–45 ದಿನಕ್ಕೆ ಇನ್ನೊಂದು. ಇವನ್ನೆಲ್ಲ ಒಂದೊಂದಾಗಿ ಕೇಳಿದರೆ ಎಲ್ಲೋ ಒಂದು ಕಡೆ ಕೊಂಡಿ ಕಳಚಿದ್ದು ಸಿಗುತ್ತದೆ. ಬಹಳ ಸಲ ಅದು ‘ಕೊನೆಗೌಡ ಸಿಗಲಿಲ್ಲ, ಎರಡನೇದು ಹೊಡೆಯುವಾಗ ಎರಡು ತಿಂಗಳಾಗಿತ್ತು’ ಎಂಬುದೇ ಆಗಿರುತ್ತದೆ (ಕೊನೆಗೌಡ ಎಂದರೆ ಮರ ಹತ್ತಿ ಔಷಧಿ ಹೊಡೆಯುವವ). ಆ ಸಮಸ್ಯೆಗೆ ನಿಮ್ಮ ಕಪಾಟಿನಲ್ಲಿ ಔಷಧಿ ಇಲ್ಲ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ನೆಲದಿಂದಲೇ ಹೊಡೆಯುವವರ ಫೋನ್ ನಂಬರು ಇದ್ದರೆ ಕೊಡಿ, ಅದು ಯಾವ ಬಾಟಲಿಗಿಂತಲೂ ಉಪಕಾರ.

ಹೀಗೆ ಎಲ್ಲ ಕೇಳಿದ ಮೇಲೂ ಸಲಹೆ ಹೊಂದಬೇಕಾದದ್ದು ಅವರ ಕೈಗೆ. ಈ ವಾರ ಆಳು ಸಿಗುತ್ತಾರೋ, ದುಡ್ಡು ಎಷ್ಟಿದೆ, ಕೊಯ್ಲು ಎಷ್ಟು ದಿನಕ್ಕೆ ಎಂದು ಕೇಳದೆ ಹೇಳಿದ ಎಂಟು ಕೆಲಸಗಳಲ್ಲಿ ಅವರು ಮಾಡುವುದು ಸುಲಭವಾದ ಎರಡು, ಅವು ಬೇಕಾದ ಎರಡೇ ಆಗಿರಬೇಕೆಂದಿಲ್ಲ. ಎರಡೇ ಹೇಳಿ, ಮೊದಲು ಯಾವುದು ಎಂದೂ ಹೇಳಿ. ಬಸಿಗಾಲುವೆ ಆಗದೆ ಗೊಬ್ಬರ ತಗೊಂಡು ಹೋಗುತ್ತೇನೆ ಎಂದರೆ ‘ಚೀಲ ನನ್ನ ಹತ್ರನೇ ಇರಲಿ, ಕಾಲುವೆ ಆದ ಮೇಲೆ ಬನ್ನಿ’ ಎನ್ನಿ. ವ್ಯಾಪಾರ ಮುಂದಕ್ಕೆ ಹೋದೀತು, ತಪ್ಪಿ ಹೋಗುವುದಿಲ್ಲ.

ಕೊನೆಗೆ ನಿಮ್ಮ ‘ಉಪಯೋಗ ಆಗಲಿಲ್ಲ’ ಎಂಬ ದೂರು. ಅದರಲ್ಲಿ ಒಂದು ಪಾಲು ನಿಜವಾಗಿ ಉಪಯೋಗ ಆದದ್ದೇ ಇರಬಹುದು. ಪೊಟ್ಯಾಶ್ ಕೊರತೆಯಿಂದ ಹಳದಿಯಾಗಿ ಒಣಗಿದ ಸೋಗೆ ಮತ್ತೆ ಹಸಿರಾಗುವುದಿಲ್ಲ, ಅದು ಬಿದ್ದೇ ಹೋಗಬೇಕು. ಅಡಿಕೆಗೆ ಹೊಸ ಸೋಗೆ ಬರುವುದು ಸುಮಾರು ಎರಡು ತಿಂಗಳಿಗೊಂದು. ಗೊಬ್ಬರ ಹಾಕಿ ಹದಿನೈದು ದಿನಕ್ಕೆ ತಲೆ ಎತ್ತಿ ನೋಡಿದವರಿಗೆ ಅದೇ ಹಳದಿ ಕಾಣುತ್ತದೆ, ಬೈದುಕೊಂಡು ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಯಾವುದನ್ನು ನೋಡಬೇಕು, ಯಾವಾಗ ನೋಡಬೇಕು ಎಂದು ಹೇಳದೆ ಕಳಿಸಿದ್ದು ನಿಮ್ಮ ಕಡೆಯ ಲೋಪ.

ಆದ್ದರಿಂದ ಚಿತ್ರ ಬರೆಸಿದ ಅದೇ ಬಿಲ್ಲಿನ ಹಿಂದೆ ಮೂರು ಸಾಲು ಬರೆದು ಕೊಡಿ, ಒಂದು ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ಇವತ್ತಿನ ತಾರೀಕು. ಹಳದಿ ಇರುವ ಐದು ಮರ, ಪಕ್ಕದ ಹಸಿರಿನ ಎರಡು ಮರ, ಎದೆಯೆತ್ತರಕ್ಕೆ ಸುಣ್ಣದ ಪಟ್ಟಿ ಬಳಿಯಲು ಹೇಳಿದ್ದು. ಮೂರನೆಯ ಹೊಸ ಸೋಗೆ ಬಿಚ್ಚಿದಾಗ, ಅಂದರೆ ಆರು ತಿಂಗಳಿಗೆ, ಆ ಏಳು ಮರದ ಫೋಟೊ ಕಳಿಸಬೇಕು ಎಂಬುದು. ಆ ತಾರೀಕಿಗೆ ಅವರು ಕಳಿಸದಿದ್ದರೆ ಫೋನು ನೀವೇ ಮಾಡಿ.